ನೀರು ನಿಂತ ಹೊತ್ತಿನ ಬಂದರು: ವರ್ಸೋವಾ ದಕ್ಕೆಯನ್ನು ಜಲವರ್ಣದಲ್ಲಿ ಬರೆಯುವ ಬಗೆ

ಮುಂಬಯಿಯ ಕೋಳಿ ಮೀನುಗಾರರ ಕೇರಿಯಾದ ವರ್ಸೋವಾ ಕೋಳಿವಾಡದ ದಕ್ಕೆಯಲ್ಲಿ ಕೂತು ದೋಣಿ ಬರೆಯಲು ಹೊರಟವರು ಬಣ್ಣದ ಪೆಟ್ಟಿಗೆಗಿಂತ ಮೊದಲು ಭರತ-ಇಳಿತದ ಪಟ್ಟಿ ತೆರೆಯಬೇಕು. ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಬಂದರು ನೋಡಿ ಬೆಳೆದು ಮುಂಬಯಿ ಸೇರಿದವರು ಮೋಸ ಹೋಗುವುದು ಇಲ್ಲೇ. ಅಲ್ಲಿ ಹುಣ್ಣಿಮೆ-ಅಮಾವಾಸ್ಯೆಗೂ ನೀರು ಏರಿಳಿಯುವುದು ಒಂದೂವರೆ ಮೀಟರಿನ ಆಸುಪಾಸು. ಇಲ್ಲಿ ಅದೇ ದಿನಗಳಲ್ಲಿ ನಾಲ್ಕು ಮೀಟರ್ ದಾಟುತ್ತದೆ. ಪೆನ್ಸಿಲ್ ಕೆಲಸ ಮುಗಿಸಿ, ಒಂದು ಚಹಾ ಕುಡಿದು, ಕುಂಚ ಕೈಗೆತ್ತಿಕೊಳ್ಳುವಷ್ಟರಲ್ಲಿ ಎದುರಿಗಿದ್ದ ದೋಣಿ ಕಾಲಬುಡಕ್ಕೆ ಇಳಿದಿರುತ್ತದೆ. ಕಾಗದದ ಮೇಲಿನ ದೋಣಿಗೂ ನೀರಿನ ಮೇಲಿನದಕ್ಕೂ ಆಮೇಲೆ ತಾಳೆಯಾಗುವುದಿಲ್ಲ.

ದಿನ, ಹೊತ್ತು

ನೀರು ಇಳಿಯುವುದಕ್ಕೆ ಒಂದು ಲೆಕ್ಕವಿದೆ. ತುಂಬು ಭರತದಿಂದ ಪೂರ್ತಿ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಬೇಕು. ಇಳಿಯುವ ಎತ್ತರವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ನಾಲ್ಕು ಮೀಟರ್ ಇಳಿಯುವ ದಿನ ನಡುವಿನ ಎರಡು ಗಂಟೆಗಳಲ್ಲೇ ಎರಡು ಮೀಟರ್ ಹೋಗುತ್ತದೆ. ತುಂಬು ಭರತದ ಹಿಂದೊಂದು ಗಂಟೆ, ಮುಂದೊಂದು ಗಂಟೆ ಮಾತ್ರ ನೀರಿನ ಮಟ್ಟ ಹೆಚ್ಚುಕಡಿಮೆ ಒಂದು ಅಡಿಯೊಳಗೆ ಉಳಿಯುತ್ತದೆ. ಚಿತ್ರಕಾರನಿಗೆ ಸಿಗುವುದು ಆ ಎರಡು ಗಂಟೆ.

ಈ ಎರಡು ಗಂಟೆ ಬೆಳಗಿನ ತಂಪಿನಲ್ಲೇ ಬರುವಂತೆ ದಿನ ಆರಿಸಬೇಕು. ಮುಂಬಯಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆಯಂದು ತುಂಬು ಭರತ ಬರುವುದು ಮಧ್ಯಾಹ್ನ 12ರ ಸುಮಾರಿಗೆ. ಅವತ್ತು ಬೆಳಗ್ಗೆ 6ಕ್ಕೆ ಹೋದರೆ ಕಾಣುವುದು ಕೆಸರು, ಅದರಲ್ಲಿ ಪಕ್ಕಕ್ಕೆ ವಾಲಿ ಮಲಗಿದ ದೋಣಿಗಳು. ಅದೂ ಒಳ್ಳೆಯ ಚಿತ್ರವೇ, ಆದರೆ ಬೇರೆ ಚಿತ್ರ. ಭರತ ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತಾ ಹೋಗುವುದರಿಂದ ಅಷ್ಟಮಿ-ನವಮಿಯ ಹೊತ್ತಿಗೆ ಬೆಳಗ್ಗೆ 6-7ಕ್ಕೆ ನೀರು ತುಂಬಿರುತ್ತದೆ. ಆ ದಿನಗಳಲ್ಲಿ ಏರಿಳಿತವೂ ಹುಣ್ಣಿಮೆಯದಕ್ಕಿಂತ ಬಹಳ ಕಡಿಮೆ, ಸೆಳೆತವೂ ಕಡಿಮೆ. ಆದ್ದರಿಂದ ಮೊದಲ ಸಲಕರಣೆ ಎಂದರೆ ಅಡುಗೆಮನೆ ಗೋಡೆಯ ತಿಥಿ ಕ್ಯಾಲೆಂಡರು. ಅಷ್ಟಮಿಗೆ ಗುರುತು ಹಾಕಿ, ಆ ದಿನದ ನಿಖರ ಹೊತ್ತನ್ನು ಫೋನಿನಲ್ಲಿ ನೋಡಿಕೊಳ್ಳಿ.

ತಿಂಗಳುಗಳಲ್ಲಿ ನವೆಂಬರಿನಿಂದ ಫೆಬ್ರುವರಿ ಉತ್ತಮ. ಬೆಳಗ್ಗೆ ನೆಲದ ಕಡೆಯಿಂದ ಮೆಲ್ಲಗೆ ಗಾಳಿ, ನೀರಿನ ಮೇಲೆ ಮಂಜುಹೊಗೆ, ಆಚೆ ದಡದ ಮಢ್ ಒಂದೇ ಬೂದು ಪಟ್ಟಿಯಾಗಿ ಕಾಣುತ್ತದೆ. ಹೊತ್ತು ಏರಿದಂತೆ ಗಾಳಿ ತಿರುಗಿ ಕಡಲಿನಿಂದ ಬೀಸಲು ಶುರುವಾದರೆ ಪ್ರತಿಬಿಂಬ ಮುಗಿಯಿತು ಎಂದೇ ಲೆಕ್ಕ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರು ನಿಜಕ್ಕೂ ಸದ್ದಿಲ್ಲದೆ ಇರುವುದು ಆಗಲೇ. ಆದರೆ ದೋಣಿಗಳೆಲ್ಲ ನೀಲಿ ತಾಡಪಾಲಿನಡಿ ಇರುತ್ತವೆ, ಕಾಗದ ಒಣಗುವುದಿಲ್ಲ.

ದಕ್ಷಿಣ ಮುಂಬಯಿಯ ಸಸೂನ್ ಡಾಕ್ ಬೇಡವೇ ಎಂದು ಕೇಳುವವರಿದ್ದಾರೆ. 1875ರ ಆ ಡಾಕು ಪೂರ್ವಕ್ಕೆ ಮುಖ ಮಾಡಿದೆ, ಸೂರ್ಯೋದಯ ಚೆನ್ನಾಗಿ ಸಿಗುತ್ತದೆ. ಆದರೆ ಬೆಳಕು ಹರಿಯುವ ಮೊದಲೇ ಹರಾಜು, ಬುಟ್ಟಿ, ಮಂಜುಗಡ್ಡೆ, ಕೈಗಾಡಿ. ಅಲ್ಲಿ ಸ್ಕೆಚ್ ಪುಸ್ತಕ ಹಿಡಿದು ನಿಂತೇ ಗೀಚಬಹುದು. ಬೋರ್ಡ್ ಇಟ್ಟುಕೊಂಡು ಕೂರುವ ಜಾಗ ಅದಲ್ಲ. ವರ್ಸೋವಾ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ಕೋಳಿವಾಡ ಬಂತು ಎಂದೂ ತಿಳಿಯಬೇಡಿ, ಅಲ್ಲಿಂದ ಮುಂದೆ ಆಟೋ ಬೇಕು. ದಕ್ಕೆಯಲ್ಲಿ ಕೂರುವ ಮೊದಲು ಹತ್ತಿರದ ಕೋಳಿ ಮೀನುಗಾರರಿಗೆ ಒಂದು ಮಾತು ಹೇಳಿ. ಹರಡಿದ ಬಲೆಯನ್ನು ತುಳಿಯಬಾರದು. ದೋಣಿ ಕಟ್ಟಿದ ಹಗ್ಗ ಸಡಿಲವಾಗಿ ಬಿದ್ದಿದ್ದರೂ ಅದರ ಸುರುಳಿಯೊಳಗೆ ಸ್ಟೂಲು ಹಾಕಬಾರದು. ಒಂದು ಅಲೆಗೆ ದೋಣಿ ಹಿಂದಕ್ಕೆ ಸರಿದರೆ ಹಗ್ಗ ಬಿಗಿಯುತ್ತದೆ.

ಸಾಮಾನು

ಕಾಗದ 300 ಜಿಎಸ್‌ಎಂ, ಕೋಲ್ಡ್ ಪ್ರೆಸ್ (ಮೇಲ್ಮೈ ತುಸು ತರಿಯಾದದ್ದು), ಅಳತೆ 28×38 ಸೆಂ.ಮೀ., ಅಂದರೆ ಪೂರ್ತಿ ಹಾಳೆಯ ಕಾಲು ಭಾಗ. ಎರಡು ಗಂಟೆಗೆ ಇದಕ್ಕಿಂತ ದೊಡ್ಡದು ಆಗದ ಮಾತು. ಹತ್ತಿಯ ಕಾಗದ ದುಬಾರಿ, ಆದರೂ ಅದೇ ತನ್ನಿ. ಬಣ್ಣದಲ್ಲಿ ಉಳಿಸಿ, ಕಾಗದದಲ್ಲಿ ಉಳಿಸಬೇಡಿ. ಮರದ ತಿರುಳಿನ ಅಗ್ಗದ ಕಾಗದದಲ್ಲಿ ಒದ್ದೆ ಅಂಚನ್ನು ಎರಡನೇ ಸಲ ಮುಟ್ಟಿದರೆ ಮೇಲ್ಮೈ ಎದ್ದು ಬರುತ್ತದೆ.

ಬಣ್ಣ ಆರು ಸಾಕು: ಅಲ್ಟ್ರಾಮರೀನ್, ಕೋಬಾಲ್ಟ್ ನೀಲಿ, ಬರ್ನ್ಟ್ ಸಿಯೆನ್ನಾ, ಯೆಲ್ಲೋ ಓಕರ್, ಲೈಟ್ ರೆಡ್, ಒಂದು ಕ್ಯಾಡ್ಮಿಯಂ ಕಿತ್ತಳೆ. ಕಪ್ಪು ಬೇಡ, ಅಲ್ಟ್ರಾಮರೀನಿಗೆ ಬರ್ನ್ಟ್ ಸಿಯೆನ್ನಾ ಬೆರೆಸಿದರೆ ಟಾರು ಹಚ್ಚಿದ ಮರದ ಕಪ್ಪಿನಿಂದ ಮಂಜಿನ ಬೂದಿಯವರೆಗೆ ಎಲ್ಲ ಸಿಗುತ್ತದೆ. ಬಿಳಿಯೂ ಬೇಡ. ಕುಂಚಗಳು: ದುಂಡಗಿನ 12 ಮತ್ತು 6, ಒಂದಿಂಚಿನ ಚಪ್ಪಟೆ, ಹಗ್ಗದ ಗೆರೆ ಎಳೆಯಲು ಒಂದು ರಿಗ್ಗರ್, ಅಂದರೆ ಉದ್ದ ಕೂದಲಿನ ತೆಳು ಕುಂಚ. ನೀರು ಎರಡು ಡಬ್ಬಿ, ಮನೆಯಿಂದಲೇ ಒಂದೂವರೆ ಲೀಟರ್. ಎದುರಿಗೇ ಕಡಲಿದೆಯಲ್ಲ ಎಂದು ಉಪ್ಪುನೀರಲ್ಲಿ ಕುಂಚ ಅದ್ದಿದರೆ ಬಣ್ಣ ಒಣಗುವಾಗ ಕಲೆಯಾಗುತ್ತದೆ, ಉಳಿದ ಉಪ್ಪು ಆಮೇಲೆ ಗಾಳಿಯ ತೇವ ಹೀರುತ್ತದೆ.

ಕಣ್ಣಿನ ಮಟ್ಟ ಮತ್ತು ದೋಣಿ

ಕೊಲ್ಲಿಯಂಥ ಜಾಗದಲ್ಲಿ ದಿಗಂತ ಕಾಣುವುದಿಲ್ಲ, ಆಚೆ ದಡ ಮುಚ್ಚಿರುತ್ತದೆ. ಹಾಗಾಗಿ ಬಹಳ ಮಂದಿ ಆಚೆ ದಡದ ನೀರಿನ ಗೆರೆಯನ್ನೇ ದಿಗಂತ ಎಂದುಕೊಳ್ಳುತ್ತಾರೆ. ನಿಜವಾದ ಗೆರೆ ಅದಕ್ಕಿಂತ ತುಸು ಮೇಲೆ. ಅದನ್ನು ಹಿಡಿಯಲು ಕುಡಿಯುವ ನೀರಿನ ಬಾಟಲಿ ಸಾಕು. ಅರ್ಧ ತುಂಬಿದ ಪಾರದರ್ಶಕ ಬಾಟಲಿಯನ್ನು ಮುಖದ ಮುಂದೆ ಹಿಡಿದು ಮೇಲೆ-ಕೆಳಗೆ ಮಾಡಿ. ನೀರಿನ ಮೇಲ್ಮೈ ಅಂಡಾಕಾರವಾಗಿ ಕಾಣುತ್ತಿದ್ದದ್ದು ಒಂದು ಹಂತದಲ್ಲಿ ಬರೀ ಗೆರೆಯಾಗುತ್ತದೆ. ಆ ಗೆರೆಯ ಹಿಂದೆ ಏನು ಕಾಣುತ್ತದೋ, ದೋಣಿಯ ಯಾವ ಹಲಗೆ, ಯಾವ ಕೇಬಿನ್ನಿನ ಕಿಟಕಿ, ಅದೇ ನಿಮ್ಮ ಕಣ್ಣಿನ ಮಟ್ಟ. ಕಾಗದದ ಮೇಲಿನ ಮೂರನೇ ಒಂದು ಭಾಗದಲ್ಲಿ ಅದನ್ನು ತೆಳುವಾಗಿ ಎಳೆಯಿರಿ.

ಇದರ ಉಪಯೋಗ ಹೀಗೆ. ದಕ್ಕೆಯ ನೆಲ ನೀರಿಗಿಂತ ಒಂದು ಮೀಟರ್ ಮೇಲಿದೆ, ಸ್ಟೂಲಿನ ಮೇಲೆ ಕೂತ ನಿಮ್ಮ ಕಣ್ಣು ಅಲ್ಲಿಂದ ಒಂದು ಮೀಟರ್ ಮೇಲೆ ಎಂದಿಟ್ಟುಕೊಳ್ಳಿ. ಆಗ ನೀರಿನಿಂದ ಎರಡು ಮೀಟರ್ ಎತ್ತರದ ಯಾವುದೇ ಬಿಂದು, ದೋಣಿ ಹತ್ತಿರವಿರಲಿ ದೂರವಿರಲಿ, ಆ ಗೆರೆಯನ್ನೇ ಮುಟ್ಟುತ್ತದೆ. ಒಂದೇ ಗಾತ್ರದ ಐದು ದೋಣಿಗಳಿದ್ದರೆ ಐದರ ಕೇಬಿನ್ನನ್ನೂ ಗೆರೆ ಒಂದೇ ಜಾಗದಲ್ಲಿ ಕತ್ತರಿಸಬೇಕು. ದೂರದ ದೋಣಿ ಗಾಳಿಯಲ್ಲಿ ತೇಲಿದಂತೆ, ಹತ್ತಿರದ್ದು ಮುಳುಗಿದಂತೆ ಕಾಣುವ ಚಿತ್ರಗಳಲ್ಲಿ ತಪ್ಪಿರುವುದು ಇದೊಂದೇ. ನೀರು ಎರಡು ಮೀಟರ್ ಇಳಿದರೆ ನಿಮ್ಮ ಕಣ್ಣು ನೀರಿನಿಂದ ನಾಲ್ಕು ಮೀಟರ್ ಮೇಲಾಯಿತು. ಮೊದಲು ಸೀಳಿನಂತೆ ಕಾಣುತ್ತಿದ್ದ ದೋಣಿಯ ಒಳಭಾಗ ಈಗ ತೆರೆದ ಬಾಯಿಯಾಗುತ್ತದೆ. ಇಳಿತಕ್ಕೆ ಹೆದರಬೇಕಾದ್ದು ಇದಕ್ಕೇ.

ಆಕಾಶವನ್ನು ಆಮೇಲೆ ನೋಡಿಕೊಳ್ಳಬಹುದು, ಮೊದಲು ದೋಣಿ ಬರೆಯಿರಿ. ಒಂಟಿ ಲಂಗರಿನ ದೋಣಿಗಳು ಸೆಳೆತಕ್ಕೆ ಮೂತಿ ಕೊಟ್ಟು ನಿಲ್ಲುತ್ತವೆ. ನೀರು ಏರುವಾಗ ಮೂತಿ ಕಡಲ ಕಡೆಗೆ, ಇಳಿಯುವಾಗ ಕೊಲ್ಲಿಯ ಒಳಗಡೆಗೆ. ನೀರು ನಿಂತ ಸ್ವಲ್ಪ ಹೊತ್ತು ಅವು ಒಂದೊಂದು ದಿಕ್ಕಿಗೆ ಅಲೆಯುತ್ತವೆ, ಆಮೇಲೆ ಎಲ್ಲ ಒಟ್ಟಾಗಿ ತಿರುಗಿಬಿಡುತ್ತವೆ. ಮೊದಲ ಹತ್ತು ನಿಮಿಷದಲ್ಲಿ ಫೋನಿನಲ್ಲಿ ಒಂದು ಫೋಟೋ ತೆಗೆದಿಟ್ಟುಕೊಂಡರೆ ಮಧ್ಯದಲ್ಲಿ ದೋಣಿ ತಿರುಗಿದರೂ ಕೈ ನಿಲ್ಲುವುದಿಲ್ಲ. ದಕ್ಕೆಗೆ ಸಾಲಾಗಿ ಕಟ್ಟಿದ ದೋಣಿಗಳಿಗೆ ಈ ಕಾಟವಿಲ್ಲ. ಹೊಸಬರು ಅಲ್ಲಿಂದಲೇ ಶುರುಮಾಡಲಿ.

ದೋಣಿಯ ಆಕಾರಕ್ಕೆ ನಾಲ್ಕು ಗೆರೆ ಸಾಕು. ಮೊದಲು ದೋಣಿ ನೀರನ್ನು ಮುಟ್ಟುವ ಗೆರೆ. ಎರಡನೆಯದು ನಮ್ಮ ಕಡೆಯ ಅಂಚು: ಮೂತಿಯಲ್ಲಿ ಎತ್ತರ, ಅಲ್ಲಿಂದ ಜಾರಿ, ಉದ್ದದ ಮೂರನೇ ಎರಡರ ಹತ್ತಿರ ಅತಿ ತಗ್ಗು, ಹಿಂಬದಿಗೆ ಮತ್ತೆ ತುಸು ಏರು. ಮೂರನೆಯದು ಆಚೆ ಕಡೆಯ ಅಂಚು, ನಾಲ್ಕನೆಯದು ಮೂತಿಯ ಕಂಬ. ಅಂಚಿನ ಆ ಜಾರು ಗೆರೆಯನ್ನು ಭುಜದಿಂದ, ಒಂದೇ ಉಸಿರಿನಲ್ಲಿ ಎಳೆಯಬೇಕು. ಮಣಿಕಟ್ಟಿನಿಂದ ತುಂಡು ತುಂಡಾಗಿ ಎಳೆದರೆ ದೋಣಿ ಹೋಗಿ ಬಾಳೆಹಣ್ಣಾಗುತ್ತದೆ. ಉಡುಪಿ ಹತ್ತಿರದ ಕಟ್ಟಿಂಗೇರಿಯಿಂದ ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತ ಚಿತ್ರಕಾರ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿ. ಗೆರೆ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಬಿಟ್ಟುಹೋಗುತ್ತದೆ ಎಂಬುದನ್ನು ಗಮನಿಸಿದರೆ ಕೈಗೆ ಪಾಠವಾಗುತ್ತದೆ. ಇಲ್ಲಿಯ ಹೆಚ್ಚಿನ ದೋಣಿಗಳಲ್ಲಿ ಕೇಬಿನ್ ಹಿಂಭಾಗದಲ್ಲಿ ಕೂತಿರುತ್ತದೆ. ಅದನ್ನು ಮಧ್ಯಕ್ಕೆ ತಂದರೆ ಕೋಳಿಗಳು ಹಿಂದೆ ನಿಂತು ನಗುತ್ತಾರೆ. ನೋಂದಣಿ ಸಂಖ್ಯೆಯನ್ನು ಓದುವಂತೆ ಬರೆಯಬೇಡಿ. ಕಣ್ಣು ಅಕ್ಷರ ಕಂಡಲ್ಲಿ ಓದಲು ನಿಲ್ಲುತ್ತದೆ, ಚಿತ್ರ ನೋಡುವುದಿಲ್ಲ.

ಪೆನ್ಸಿಲ್ 2ಬಿ, ಒಟ್ಟು 25 ನಿಮಿಷ, ಅದಕ್ಕಿಂತ ಹೆಚ್ಚು ಬೇಡ.

ಬಣ್ಣ

ಬೋರ್ಡಿನ ಮೇಲ್ತುದಿಯಡಿ ಮಡಚಿದ ಟವೆಲ್ ಇಟ್ಟು ಇಳಿಜಾರು ಮಾಡಿ. ಮೊದಲ ವಾಶಿಗೆ, ಅಂದರೆ ನೀರು ಬೆರೆಸಿದ ತೆಳು ಬಣ್ಣದ ಪದರಕ್ಕೆ, ಮೂರು ಬಣ್ಣದ ಕೊಳ ಬೇಕು, ಒಂದೊಂದೂ ಒಂದು ದೊಡ್ಡ ಚಮಚದಷ್ಟು. ಅರ್ಧದಲ್ಲಿ ಬಣ್ಣ ಮುಗಿದು ಮತ್ತೆ ಕಲಸಲು ಕೂತರೆ ಅಂಚು ಒಣಗಿ ಗೆರೆ ಬೀಳುತ್ತದೆ. ಮೇಲಿನ ಆಕಾಶಕ್ಕೆ ಕೋಬಾಲ್ಟಿನಲ್ಲಿ ಲೈಟ್ ರೆಡ್ ಚೂರು. ಕೆಳಗಿನ ಆಕಾಶಕ್ಕೂ ದೂರದ ನೀರಿಗೂ ತೆಳ್ಳಗಿನ ಓಕರ್. ಕಾಲಬುಡದ ನೀರಿಗೆ ಓಕರ್, ಬರ್ನ್ಟ್ ಸಿಯೆನ್ನಾ, ಅಲ್ಟ್ರಾಮರೀನ್ ಸೇರಿದ ಕಂದು-ಹಸಿರು. ಮೇಲಿನಿಂದ ಕೆಳಗಿನವರೆಗೆ ನಿಲ್ಲಿಸದೆ ಒಂದೇ ಓಟದಲ್ಲಿ ಇಳಿಸಿ. ದೋಣಿಯ ಬಿಸಿಲು ಬಿದ್ದ ಕಡೆ ಮಾತ್ರ ಕಾಗದ ಬಿಡಿ. ನೀರಿಗೆ ನೀಲಿ ಬಳಿಯುವ ಚಾಳಿ ಇಲ್ಲಿ ನಡೆಯುವುದಿಲ್ಲ. ದೂರದ ನೀರನ್ನು ನಾವು ಓರೆಯಾಗಿ ನೋಡುತ್ತೇವೆ, ಅದು ಆಕಾಶವನ್ನು ಕನ್ನಡಿಯಂತೆ ತೋರಿಸುತ್ತದೆ. ಹತ್ತಿರದ್ದನ್ನು ಮೇಲಿನಿಂದ ನೋಡುತ್ತೇವೆ, ದೃಷ್ಟಿ ಒಳಗಿಳಿದು ಕೆಸರಿನ ಬಣ್ಣ ಕಾಣುತ್ತದೆ. ಈ ಒಂದು ಇಳುಕಲು ಸರಿಯಾಗಿ ಬಂದರೆ ದೋಣಿಯಿಲ್ಲದೆಯೂ ನೀರು ಮಟ್ಟಸವಾಗಿ ಮಲಗುತ್ತದೆ.

ಡಿಸೆಂಬರಿನ ಬೆಳಗಿನಲ್ಲಿ ಈ ವಾಶ್ ಒಣಗಲು ಕಾಲು ಗಂಟೆಯೂ ಆಗಬಹುದು, ಮೇ ತಿಂಗಳ ಬಿಸಿಲಲ್ಲಿ ಎರಡು-ಮೂರು ನಿಮಿಷ. ಹೊಳಪು ಹೋದ ಮಾತ್ರಕ್ಕೆ ಒಣಗಿತು ಎಂದಲ್ಲ. ಕೈಯ ಹಿಂಭಾಗ ತಾಗಿಸಿ ನೋಡಿ; ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ. ಆ ಸ್ಥಿತಿಯಲ್ಲಿ ಒದ್ದೆ ಕುಂಚ ತಾಗಿಸಿದರೆ ಹೊಸ ನೀರು ಹಳೆಯ ಬಣ್ಣವನ್ನು ತಳ್ಳಿಕೊಂಡು ಹೋಗಿ ಹೂಕೋಸಿನಂಥ ಕಲೆ ಬೀಳುತ್ತದೆ. ಬಿದ್ದರೆ ಉಜ್ಜಬೇಡಿ, ಹಾಗೇ ಬಿಡಿ. ಆಕಾಶದಲ್ಲಿ ಬಿದ್ದದ್ದು ಮೋಡವಾಗಿ ಸಾಗುತ್ತದೆ. ಉಜ್ಜಿದ್ದು ಉಜ್ಜಿದಂತೆಯೇ ಕಾಣುತ್ತದೆ.

ಮಢ್ ಕಡೆಯ ಕಾಂಡ್ಲಾ ಕಾಡಿಗೆ ಕೋಬಾಲ್ಟ್, ಬರ್ನ್ಟ್ ಸಿಯೆನ್ನಾ, ಸ್ವಲ್ಪ ಓಕರ್. ಕಾಗದ ತುಸು ತೇವವಿರುವಾಗ ಮೇಲಂಚು ಮೆತ್ತಗಾಗುವಂತೆ ಒಂದೇ ಪಟ್ಟಿ ಎಳೆದು, ಬುಡದಲ್ಲಿ ಕೂದಲೆಳೆಯಷ್ಟು ಬೆಳಕಿನ ಗೆರೆ ಬಿಟ್ಟುಬಿಡಿ. ಮರ ಬರೆಯಬೇಡಿ.

ಆಮೇಲೆ ದೋಣಿಗಳು. ಕೋಳಿ ದೋಣಿಯ ನೀಲಿ, ಕಿತ್ತಳೆ, ಹಸಿರು ಎಲ್ಲವೂ ಕಣ್ಣಿಗೆ ರಾಚುವ ಬಣ್ಣ. ಕಂಡದ್ದನ್ನೆಲ್ಲ ಕಂಡಂತೆ ಹಚ್ಚಿದರೆ ಬಂದರು ಜಾತ್ರೆಯಾಗುತ್ತದೆ. ಒಂದೇ ಒಂದು ದೋಣಿಗೆ ಪೂರ್ತಿ ಬಣ್ಣ ಕೊಡಿ, ಉಳಿದವಕ್ಕೆ ಅದೇ ಬಣ್ಣದಲ್ಲಿ ಅದರ ಎದುರು ಬಣ್ಣ ಬೆರೆಸಿ ಮಂಕು ಮಾಡಿ: ನೀಲಿಗೆ ಬರ್ನ್ಟ್ ಸಿಯೆನ್ನಾ, ಕಿತ್ತಳೆಗೆ ಕೋಬಾಲ್ಟ್. ಅಂಚುಗಳಿಗೂ ಇದೇ ಮಾತು. ಚೂಪಾದ ಅಂಚು ಆ ಒಂದು ದೋಣಿಯ ಮೂತಿಯಲ್ಲಿ ಮಾತ್ರ ಇರಲಿ. ಹಿಂದಿನ ದೋಣಿಗಳು ಒಂದರೊಳಗೊಂದು ಕರಗಿ ಒಂದೇ ಕಪ್ಪು ಗುಂಪಾದರೆ ತಪ್ಪಿಲ್ಲ. ಸದ್ದಿಲ್ಲದ ಬಂದರು ಎಂದರೆ ದೋಣಿ ಕಡಿಮೆ ಎಂದಲ್ಲ. ಮೂವತ್ತು ದೋಣಿಯಿದ್ದರೂ ಚೂಪು ಅಂಚು ಮೂರೇ ಇದ್ದರೆ ಚಿತ್ರ ಸುಮ್ಮನಿರುತ್ತದೆ.

ಪ್ರತಿಬಿಂಬ

ಇದಕ್ಕೆ ಅರ್ಧ ಗಂಟೆ ಮೀಸಲಿಡಿ. ಚಿತ್ರ ನಿಲ್ಲುವುದು ಬೀಳುವುದು ಎರಡೂ ಇಲ್ಲೇ.

ಪ್ರತಿಬಿಂಬ ಎಂದರೆ ದೋಣಿಯನ್ನು ತಲೆಕೆಳಗು ಮಾಡಿದ ನಕಲು ಎಂಬ ತಿಳಿವಳಿಕೆ ಮೊದಲು ಹೋಗಬೇಕು. ನಿಮ್ಮ ಕಣ್ಣು ನೀರಿನಿಂದ ಎಷ್ಟು ಮೇಲಿದೆಯೋ ಅಷ್ಟೇ ಕೆಳಗೆ ಇನ್ನೊಂದು ಕಣ್ಣಿದ್ದು, ಅದು ಮೇಲೆ ನೋಡಿದಾಗ ಏನು ಕಾಣುತ್ತದೋ ಅದು ಪ್ರತಿಬಿಂಬ. ಹಾಗಾಗಿ ದೋಣಿಯ ಒಳಭಾಗ, ಅಲ್ಲಿ ರಾಶಿ ಹಾಕಿದ ಬಲೆ, ಪ್ರತಿಬಿಂಬದಲ್ಲಿ ಇರುವುದೇ ಇಲ್ಲ. ಹೊರಕ್ಕೆ ಚಾಚಿದ ಹೊಟ್ಟೆಯ ಅಡಿಭಾಗ ಹೆಚ್ಚು ಕಾಣುತ್ತದೆ. ಅಂಚಿನಿಂದ ಒಳಗೆ ಸರಿದು ನಿಂತ ಕೇಬಿನ್ ಪ್ರತಿಬಿಂಬದಲ್ಲಿ ಗಿಡ್ಡವಾಗುತ್ತದೆ, ಹತ್ತಿರದ ದೋಣಿಯಲ್ಲಿ ಕೆಲವೊಮ್ಮೆ ಪೂರ್ತಿ ಮರೆಯಾಗುತ್ತದೆ. ನಿಮ್ಮ ಕಡೆಗೆ ವಾಲಿದ ಬಿದಿರ ಗಳುವಿನ ಪ್ರತಿಬಿಂಬ ಗಳುವಿಗಿಂತ ಉದ್ದ, ಆಚೆಗೆ ವಾಲಿದ್ದರದು ಗಿಡ್ಡ. ಎಡಕ್ಕೆ ವಾಲಿದ್ದು ಎಡಕ್ಕೇ ವಾಲುತ್ತದೆ. ಎಲ್ಲಕ್ಕೂ ಒಂದೇ ಕಟ್ಟುಪಾಡು: ವಸ್ತುವಿನ ಬಿಂದುವೂ ಅದರ ಪ್ರತಿಬಿಂಬದ ಬಿಂದುವೂ ಒಂದೇ ಲಂಬ ಗೆರೆಯಲ್ಲಿರಬೇಕು.

ಕಪ್ಪಿನ ಪ್ರಮಾಣಕ್ಕೂ ನಿಯಮವಿದೆ. ಕಪ್ಪು ದೋಣಿಯ ಪ್ರತಿಬಿಂಬ ದೋಣಿಗಿಂತ ತುಸು ತಿಳಿ, ಬಿಳಿ ದೋಣಿಯದು ತುಸು ಕಪ್ಪು. ನೆರಳು ಬೇರೆ, ಪ್ರತಿಬಿಂಬ ಬೇರೆ. ತಿಳಿನೀರಿನ ಮೇಲೆ ನೆರಳು ಅಷ್ಟಾಗಿ ಕೂರುವುದಿಲ್ಲ. ಈ ಕೊಲ್ಲಿಯ ರಾಡಿ ನೀರಿನ ಮೇಲೆ ಕೂರುತ್ತದೆ. ಬೆಳಗ್ಗೆ ಉತ್ತರಕ್ಕೆ ನೋಡಿ ಕೂತರೆ ಬಿಸಿಲು ಬಲಗಡೆಯದು, ನೆರಳು ದೋಣಿಯ ಎಡಕ್ಕೆ ಓರೆಯಾಗಿ ಬೀಳುತ್ತದೆ, ಪ್ರತಿಬಿಂಬ ನೇರ ಕೆಳಕ್ಕೆ ಬರುತ್ತದೆ. ಎರಡನ್ನೂ ಒಂದೇ ಮಾಡಿ ಓರೆಯಾಗಿ ಎಳೆದರೆ ನೀರು ಸಿಮೆಂಟು ನೆಲದಂತೆ ಕಾಣುತ್ತದೆ.

ಕೆಲಸ ಹೀಗೆ: ದೋಣಿ ಪೂರ್ತಿ ಒಣಗಿರಲಿ. ಅದರಡಿಯ ನೀರಿನ ಭಾಗವನ್ನು ಶುದ್ಧ ನೀರಿನಿಂದ ತೇವ ಮಾಡಿ, ಹೊಳಪು ಕುಗ್ಗುವವರೆಗೆ ಕಾಯಿರಿ. 12ರ ಕುಂಚದಲ್ಲಿ ದಪ್ಪ ಬಣ್ಣ ತೆಗೆದುಕೊಂಡು ದೋಣಿಯ ಬುಡದಿಂದ ನೇರ ಕೆಳಕ್ಕೆ ಎಳೆಯಿರಿ. ತಕ್ಷಣ ಚಪ್ಪಟೆ ಕುಂಚವನ್ನು ತೊಳೆದು, ಬಟ್ಟೆಯಲ್ಲಿ ಹಿಂಡಿ, ಅಡ್ಡಕ್ಕೆ ಎರಡು ಸಲ ಎಳೆಯಿರಿ, ಮೂರನೆಯದು ಬೇಡ. ಕೆಳಗೆ ಹೋದಂತೆ ಪ್ರತಿಬಿಂಬದ ಅಂಚು ಒಡೆಯಬೇಕು. ದೋಣಿಯ ಬುಡದಲ್ಲಿ ಬಿಗಿ, ಕೊನೆಯಲ್ಲಿ ಸಡಿಲ. ಇಲ್ಲಿ ಆಗುವ ಎರಡು ಅನಾಹುತ: ಬಣ್ಣ ನೀರಾಗಿದ್ದರೆ ಹರಡಿ ಹೋಗಿ ದೋಣಿಯಡಿ ಮಸಿ ಚೆಲ್ಲಿದಂತಾಗುತ್ತದೆ, ಅಡ್ಡ ಗೆರೆ ಹೆಚ್ಚಾದರೆ ನೀರು ಏಣಿಯ ಮೆಟ್ಟಿಲಾಗುತ್ತದೆ.

ಕೊನೆಯ ಹತ್ತು ನಿಮಿಷ

ರಿಗ್ಗರಿನಲ್ಲಿ ಹಗ್ಗ. ಹಗ್ಗ ಯಾವತ್ತೂ ತನ್ನ ಭಾರಕ್ಕೆ ಬಾಗುತ್ತದೆ. ಸ್ಕೇಲಿಟ್ಟಂತೆ ನೇರ ಎಳೆದರೆ ವಿದ್ಯುತ್ ತಂತಿ. ಬಾವುಟ ಎರಡು, ಜೋತುಬಿದ್ದಿರಲಿ; ಗಾಳಿಗೆ ಹಾರುವ ಬಾವುಟದ ಕೆಳಗೆ ಕನ್ನಡಿಯಂಥ ನೀರಿರುವುದು ಸುಳ್ಳು. ದಡದಲ್ಲಿ ಬೊಂಬಿಲ್ ಮೀನು ಒಣಹಾಕಿದ ಬಿದಿರ ಚೌಕಟ್ಟು ಕಂಡರೆ ನಾಲ್ಕು ಕಡ್ಡಿ, ಕೆಳಕ್ಕೆ ಹತ್ತಾರು ಚುಕ್ಕೆ, ಸಾಕು. ಆಕಾಶದ ಮೂಲೆಯಲ್ಲಿ ಗೆರೆ ಎರಡು ಕೂಡಿಸಿದ ಹಕ್ಕಿ ಹಾರಿಸುವ ಅಭ್ಯಾಸ ಇನ್ನೂ ಹೋಗಿಲ್ಲ. ಹಕ್ಕಿ ಬೇಕೇ ಬೇಕೆಂದರೆ ದೋಣಿಯ ಅಂಚಿನಲ್ಲಿ ಕೂತ ಒಂದು ಕಾಗೆ ಇಡಿ. ಬಂದರಿನಲ್ಲಿ ಅದು ಇದ್ದೇ ಇರುತ್ತದೆ.

ಕಡಲ ಗಾಳಿ ಎದ್ದು ನೀರು ನಡುಗಲು ಶುರುವಾದರೆ ಕುಂಚ ತೊಳೆದಿಡಿ. ಉಳಿದದ್ದನ್ನು ಮನೆಯಲ್ಲಿ ಫೋಟೋ ನೋಡಿ ತುಂಬಿಸುವ ಆಸೆ ಹುಟ್ಟುತ್ತದೆ. ಫೋಟೋದಲ್ಲಿ ನೆರಳೆಲ್ಲ ಒಂದೇ ಕಪ್ಪು, ಆಕಾಶವೆಲ್ಲ ಒಂದೇ ಬಿಳಿ; ಅದು ದೋಣಿಯ ಆಕಾರ ತಿದ್ದಲು ಆಗುತ್ತದೆ, ಬಣ್ಣಕ್ಕೆ ಆಗುವುದಿಲ್ಲ. ಕಾಗದವನ್ನು ಬೋರ್ಡಿಗೆ ಅಂಟಿಸಿದ ಟೇಪನ್ನು ದಕ್ಕೆಯಲ್ಲೇ ಕೀಳಬೇಡಿ, ತೇವದ ಕಾಗದ ಟೇಪಿನ ಜೊತೆ ಸಿಪ್ಪೆಯೇಳುತ್ತದೆ. ಬೋರ್ಡಿನ ಸಮೇತ ಮನೆಗೆ ತಂದು, ಫ್ಯಾನಿನಡಿ ಒಣಗಿಸಿ, ಚಿತ್ರದಿಂದ ಹೊರಕ್ಕೆ ಓರೆಯಾಗಿ, ನಿಧಾನಕ್ಕೆ ಎಳೆಯಿರಿ. ಉಳಿದ ಕಾಗದವನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಮಳೆಗಾಲ ಪೂರ್ತಿ ಹೊರಗೆ ಬಿದ್ದ ಕಾಗದದಲ್ಲಿ, ನೀರು ತಟ್ಟನೆ ಹೀರದಂತೆ ತಡೆಯುವ ಅಂಟು ಅಲ್ಲಲ್ಲಿ ಸತ್ತಿರುತ್ತದೆ. ಮುಂದಿನ ನವೆಂಬರಿನ ಅಷ್ಟಮಿಗೆ ಆಕಾಶದ ವಾಶ್ ಹಾಕುವಾಗ ಆ ಜಾಗಗಳೆಲ್ಲ ಬಣ್ಣ ಹೀರಿ, ಸಿಡುಬಿನ ಕಲೆಯಂತೆ ಚುಕ್ಕೆ ಚುಕ್ಕೆಯಾಗಿ ಎದ್ದು ಕಾಣುತ್ತವೆ.